ಭಾವನವರ ಕೆಮ್ಮು

ನನಗೆ ಸಿಟ್ಟು ಬೇಗ ಬರುತ್ತದೆ. ಇಂಡಿ ಊರಲ್ಲಿ ಫಿಸಿಯೋಥೆರಪಿ ಮಾಡುವವಳು ನಾನು, ಅಲ್ಲಿ ಇದೇನು ಗುಟ್ಟಲ್ಲ. ಮಂಡಿ ಹಿಡಿದವರು, ಬೆನ್ನು ಹಿಡಿದವರು, ಲಕ್ವಾ ಹೊಡೆದವರು ನನ್ನ ಹತ್ತಿರ ಬರುವ ಮೊದಲೇ "ವಸುಧಾಬಾಯಾರು ಬೈತಾರ, ಆದರ ನಡಸ್ತಾರ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಾರೆ. ಬೈಯದೆ ಏನು ಮಾಡಲಿ? ಲಕ್ವಾ ಹೊಡೆದ ಕೈಯನ್ನು ಬಾವಿಯಿಂದ ಕೊಡ ಸೇದಿದಂತೆ ಎಳೆದು ಮನುಷ್ಯರನ್ನು ಎಬ್ಬಿಸುತ್ತಾರೆ. ಆ ಭುಜದ ಕೀಲು ಮೊದಲೇ ಸಡಿಲಾಗಿರುತ್ತದೆ, ಎಳೆದರೆ ಜಾರುತ್ತದೆ. ಆಮೇಲೆ ನರಳುವವರು ಯಾರು? ಎಳೆದವರಂತೂ ಅಲ್ಲ.

ಸಾಲೋಟಗಿಯ ಸುಂದರವ್ವನ ಮನೆಗೆ ಮೊದಲ ಸಲ ಹೋದದ್ದೂ ಸಿಟ್ಟಿನಲ್ಲೇ. ಆಕೆಯ ಮಗ ಕಾಂತು ಫೋನು ಮಾಡಿದ್ದ. ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆಯಂತೆ. ದವಾಖಾನೆಯಿಂದ ಮನೆಗೆ ತಂದ ಮೇಲೆ ಎರಡು ಸಲ ಬಿದ್ದಿದ್ದಾಳಂತೆ. ಎರಡನೆಯ ಸಲ ಹಣೆ ಒಡೆದು ಹೊಲಿಗೆ ಹಾಕಿಸಬೇಕಾಯಿತಂತೆ.

"ಇನ್ನೊಮ್ಮೆ ಬಿದ್ಲಂದ್ರ ಮುಗೀತ್ರಿ ಬಾಯಾರ" ಎಂದ ಕಾಂತು. "ಹೊರಸಿನ ಮ್ಯಾಲ ಮಲಗಿಸಿ ಬಿಡ್ತೇವಿ. ಎಲ್ಲಾ ಅಲ್ಲೇ ಮಾಡಸ್ತೇವಿ. ಟೊಂಕ ಮುರಕೊಂಡ್ಲಂದ್ರ ನಾವೇನ್ ಮಾಡೂಣ?"

ಹುಡುಗ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಆದರೆ ಹೀಗೆ ಹೆದರಿ ಹೊರಸಿಗೆ ಹಾಕಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೊದಲು ಕಾಲು ಸೊರಗುತ್ತದೆ, ಆಮೇಲೆ ಬೆನ್ನು ಹುಣ್ಣಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ನಡೆಯಬಲ್ಲವರನ್ನು ಮಲಗಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದು ಕುರಿ ಸಾಕುವವರ ಮನೆ. ಪಡಸಾಲೆ, ಅದರ ಮುಂದೆ ಫರಸಿ ಕಲ್ಲು ಹಾಸಿದ ಅಂಗಳ, ನಡುವೆ ಬೇವಿನ ಮರ, ಮರದ ಸುತ್ತ ಕುಳಿತುಕೊಳ್ಳಲು ಕಟ್ಟೆ. ಅಂಗಳದ ಆಚೆ ತುದಿಗೆ ಬಚ್ಚಲು. ಸುಂದರವ್ವ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಅರವತ್ತರ ಆಸುಪಾಸು, ಸಣ್ಣ ಮೈಕಟ್ಟು, ಹಣೆಯ ಮೇಲೆ ಹೊಲಿಗೆಯ ಗುರುತು. ಸೊಸೆ ಸುರೇಖಾ ಪಕ್ಕದಲ್ಲಿ ನಿಂತಿದ್ದಳು. ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನಡೆಯಲು ಬಂದರೆ ಮೊದಲು ಎಲ್ಲಿಗೆ ಹೋಗುತ್ತೀರಿ?

"ಬಚ್ಚಲಕ್ಕ ಹೋಗ್ತೇನ್ರಿ" ಎಂದಳು. ಮಾತು ಸ್ವಲ್ಪ ತೊದಲುತ್ತಿತ್ತು, ಮನಸ್ಸು ತೊದಲುತ್ತಿರಲಿಲ್ಲ. "ನನ್ನ ಕಾಲಿಲೆ ನಾ ಹೋಗಬೇಕು. ಸೊಸಿ ಕೈಯಾಗ ಎಲ್ಲಾ ಮಾಡಿಸಿಕೊಂಡು ನನಗ ಬದುಕೂದು ಬ್ಯಾಡ. ಆಕಿ ಒಳ್ಳೇಕಿ ಅದಾಳ. ಅದಕ್ಕ ಬ್ಯಾಡ ಅಂತೇನಿ."

ಸುರೇಖಾ ಮುಖ ಆ ಕಡೆ ತಿರುಗಿಸಿದಳು.

ಸರಿ ಎಂದು ಶುರುಮಾಡಿದೆ. ಕುರ್ಚಿಯ ತುದಿಗೆ ಸರಿಯಬೇಕು. ಎರಡೂ ಪಾದ ಹಿಂದಕ್ಕೆ, ಮೊಣಕಾಲಿನ ಅಡಿಗೆ ಬರಬೇಕು. ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಗ ಕುಂಡಿ ತಾನೇ ಹಗುರಾಗಿ ಮೇಲೇಳುತ್ತದೆ. ನಾನು ಆಕೆಯ ಸೋತ ಎಡಗಡೆ ನಿಂತು, ಆಕೆಯ ಮೊಣಕಾಲು ಕುಸಿಯದಂತೆ ನನ್ನ ಮೊಣಕಾಲು ಅಡ್ಡ ಕೊಟ್ಟೆ. ನಡೆಸುವಾಗ ಹಿಡಿಯಲೆಂದು ನಾನು ಒಯ್ಯುವ ಅಗಲ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿ ಕೆಳಗಿನಿಂದ ಹಿಡಿದೆ. ಎತ್ತುವುದು ನಾನಲ್ಲ, ಏಳುವುದು ಆಕೆ. ನಾನು ಬರೀ ಆಸರೆ.

"ಒಂದು, ಎರಡು, ಏಳ್ರಿ."

ಏಳಲಿಲ್ಲ. ಮತ್ತೊಮ್ಮೆ ಹೇಳಿದೆ. ರಮಿಸಿದೆ, ಬೈದೆ, ನಕ್ಕೆ. ಬೀಳುತ್ತೇನೆಂಬ ಹೆದರಿಕೆ ಮೈಯಲ್ಲಿ ಇಳಿದಿತ್ತು. "ನಾಳೆ ನೋಡೂಣ್ರಿ ಬಾಯಾರ" ಎಂದು ಹಿಂದಕ್ಕೆ ಒರಗಿದಳು. ನಾನು ಪಟ್ಟಿ ಬಿಚ್ಚಲು ಕೈ ಹಾಕಿದ್ದೆ. ಅಷ್ಟರಲ್ಲಿ ತಲಬಾಗಿಲ ಹೊರಗೆ ಯಾರೋ ಕೆಮ್ಮಿದರು. ರೋಗದ ಕೆಮ್ಮಲ್ಲ, ಬರುತ್ತಿದ್ದೇನೆ ಎಂದು ತಿಳಿಸುವ ಗಂಡಸರ ಕೆಮ್ಮು.

ಸುಂದರವ್ವ ಧಡಕ್ಕನೆ ಎದ್ದಳು. ಪಾದ ಎಲ್ಲಿವೆ ನೋಡಲಿಲ್ಲ, ಬಾಗಲಿಲ್ಲ, ನನಗೆ ಹೇಳಲೂ ಇಲ್ಲ. ಬಲಗೈ ತಲೆಯ ಮೇಲೆ ಸೆರಗು ಎಳೆಯಲು ಹೋಯಿತು, ಎಡಗಾಲು ಮಡಚಿತು, ಇಡೀ ಮೈ ಗೋಡೆಯ ಕಡೆ ವಾಲಿತು. ಪಟ್ಟಿ ಬಿಚ್ಚಿರಲಿಲ್ಲ, ದೇವರು ದೊಡ್ಡವನು. ಅದನ್ನೇ ಹಿಡಿದು ಕುರ್ಚಿಗೆ ಇಳಿಸಿದೆ.

"ಯಾರ್ರಿ ಅದು ಕೆಮ್ಮಿದ್ದು?"

"ದೊಡ್ಡ ಮಾವಾರ್ರಿ" ಎಂದಳು ಸುರೇಖಾ. "ನಮ್ಮತ್ತಿಗೆ ಬಾವಾರು. ಮಾವಾರ ಅಣ್ಣಾರು."

ಆಮೇಲೆ ಒಂದೊಂದಾಗಿ ಹೇಳಿದಳು. ಸುಂದರವ್ವ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಂಡನ ಅಣ್ಣ ಅಮೋಘಸಿದ್ಧನ ಎದುರು ಕೂತವಳಲ್ಲ. ಮುಖ ಕೊಟ್ಟು ಮಾತಾಡಿದವಳಲ್ಲ. ಅವನು ಹೊರಗೆ ಕೆಮ್ಮಿದರೆ ಎದ್ದು, ಸೆರಗು ಹೊದ್ದು, ಬಾಗಿಲ ಸಂದಿಗೆ ನಿಲ್ಲುವುದು ಆಕೆಗೆ ಉಸಿರಾಡಿದಷ್ಟೇ ರೂಢಿ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಮದುವೆಯಿಲ್ಲದ ಅಮೋಘಸಿದ್ಧನೇ ಕುರಿಗಳ ಜೊತೆಗೆ ತಮ್ಮನ ಮಗನನ್ನೂ ದೊಡ್ಡವನನ್ನಾಗಿ ಮಾಡಿದ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಇಬ್ಬರ ನಡುವೆ ಒಂದು ನೇರ ಮಾತಿಲ್ಲ. "ಸುರೇಖಾ, ನಿಮ್ಮತ್ತಿ ಉಂಡಾಳೇನು ಕೇಳು" ಎಂದು ಅವನು ಕೇಳುತ್ತಾನೆ, ಅತ್ತೆ ಒಂದು ಮಾರು ದೂರದಲ್ಲೇ ನಿಂತಿದ್ದರೂ. ಸುರೇಖಾ ಇಲ್ಲದಾಗ ಇಬ್ಬರೂ ಬೇವಿನ ಮರಕ್ಕೆ ಹೇಳುತ್ತಾರಂತೆ.

"ಹಂಗಾದ್ರ ಆ ಎರಡು ಸಲ ಬಿದ್ದದ್ದು?"

"ಹೌದ್ರಿ" ಎಂದಳು ಸುರೇಖಾ ಮೆಲ್ಲಗೆ. "ಎರಡೂ ಸಲ ಅವ್ರು ಬಂದಾಗರಿ. ಅವ್ರಿಗೆ ಹ್ಯಾಂಗ ಹೇಳೂದ್ರಿ?"

ನಾನು ಹೇಳುತ್ತೇನೆ ಎಂದು ಎದ್ದುಹೋದೆ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಎಪ್ಪತ್ತು ದಾಟಿದರೂ ಬೆನ್ನು ಬಾಗದ ಮನುಷ್ಯ ತಲಬಾಗಿಲಲ್ಲಿ ನಿಂತಿದ್ದ.

"ನೀವು ಕೆಮ್ಮಿದಾಗೆಲ್ಲಾ ಆಕಿ ಏಳಾಕ ಹೋಗಿ ಬೀಳಾಕತ್ತಾಳ" ಎಂದೆ. "ಹಣಿ ಒಡದದ್ದೂ ಅದಕ್ಕ. ಆಕಿ ನಡೀಬೇಕಂದ್ರ ನೀವು ಒಳಗ ಬರಬ್ಯಾಡ್ರಿ."

ಅಮೋಘಸಿದ್ಧ ನನ್ನ ಮುಖ ನೋಡಲಿಲ್ಲ. ಬೇವಿನ ಮರ ನೋಡಿದ. "ನನ್ನಿಂದ?" ಎಂದು ಕೇಳಿದ. ನಾನು ಹೌದೆಂದೆ. ಕಂಬಳಿ ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೋದ.

ಗೆದ್ದೆ ಎಂದುಕೊಂಡೆ. ಅವನು ಊರ ಹೊರಗಿನ ಹಟ್ಟಿಯಲ್ಲಿ, ಕುರಿಗಳ ಜೊತೆಗೇ ಇರತೊಡಗಿದ. ಕಾಂತು ಅಲ್ಲಿಗೇ ರೊಟ್ಟಿ ಒಯ್ಯುತ್ತಿದ್ದ. ನಾನು ಸುರೇಖಾಳಿಗೆ ಎಲ್ಲ ಕಲಿಸಿದೆ. ಎಲ್ಲಿ ನಿಲ್ಲಬೇಕು, ಪಟ್ಟಿ ಹೇಗೆ ಹಿಡಿಯಬೇಕು, ರಟ್ಟೆಗೆ ಯಾಕೆ ಕೈ ಹಾಕಬಾರದು. ಹುಡುಗಿ ಚುರುಕು. ಆದರೆ ಸುಂದರವ್ವ ದಿನದಿಂದ ದಿನಕ್ಕೆ ಮಂಕಾದಳು. ಪಾದ ಹಿಂದಕ್ಕೆ ಎಂದರೆ ಎಳೆದುಕೊಳ್ಳುತ್ತಾಳೆ, ಬಾಗಿ ಎಂದರೆ ಬಾಗುತ್ತಾಳೆ, ಏಳಿ ಎಂದರೆ ಇಲ್ಲ. ಊಟವೂ ಕಡಿಮೆಯಾಯಿತು. ಕಾಂತು ನನ್ನನ್ನು ಹೊರಗೆ ಕರೆದು, "ಸುಮ್ಕ ಮಲಗಿಸೂದ ಛಲೋ ಏನೋರಿ" ಎಂದ. ಅವನ ಮೇಲೆ ರೇಗಿದೆ. ಒಳಗೆ ಬಂದು ಸುಂದರವ್ವನ ಮೇಲೂ ರೇಗಿದೆ.

"ನಿಮಗ ನಡೀಬೇಕು ಅಂತ ಆಶಾನ ಇಲ್ಲೇನ್ರಿ?"

ಆಕೆ ತಲಬಾಗಿಲ ಕಡೆ ನೋಡಿದಳು. ಕಣ್ಣು ತುಂಬಿತ್ತು. "ಮನೀಗೆ ಹಿರ್ಯಾರು ಬರೂದ ಬಿಟ್ಟಾರ್ರಿ" ಎಂದಳು. "ನಾ ಯಾರು ಬಂದ್ರ ಏಳ್ಲಿ?"

ಯಾವ ಕೆಮ್ಮು ಆಕೆಯನ್ನು ಬೀಳಿಸುತ್ತದೆಂದು ಓಡಿಸಿದ್ದೆನೋ, ಆಕೆಯ ಕಾಲಿಗೆ ಇನ್ನೂ ಕೇಳುತ್ತಿದ್ದುದು ಅದೊಂದೇ. ಏಳುವುದು ತಪ್ಪಾಗಿರಲಿಲ್ಲ, ಅವಸರ ತಪ್ಪಾಗಿತ್ತು. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮುಟ್ಟಬಾರದು, ಎದುರಿಗೆ ಬರಬಾರದು ಅನ್ನುವ ಮನೆಯಲ್ಲೇ ನಾನೂ ಇರುವವಳು. ನಮ್ಮ ಅತ್ತೆ ರುಕ್ಮಿಣೀಬಾಯಿ ಮಡಿಯಲ್ಲಿದ್ದಾಗ ಉಣ್ಣೆಯ ಧಾಬಳಿ ಸುತ್ತಿಕೊಂಡು, "ಉಣ್ಣಿಗೆ ಮೈಲಿಗಿ ಇಲ್ಲವಾ, ಇದರ ಚುಂಗ ಹಿಡಕೊಂಡು ನನ್ನ ಮೆಟ್ಟಲ ಇಳಸು" ಎಂದು ದಾರಿ ಹುಡುಕಿಕೊಂಡವರು. ಕಟ್ಟು ಮುರಿಯದೆ ಆಸರೆ ಪಡೆಯುವುದು ನನಗೇನು ಹೊಸದಲ್ಲ.

ಸ್ಕೂಟಿ ತಿರುಗಿಸಿ ಹಟ್ಟಿಗೆ ಹೋದೆ. ಅಮೋಘಸಿದ್ಧ ಒಂದು ಕುರಿಯ ಕಾಲು ನೋಡುತ್ತ ಕೂತಿದ್ದ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಅಜ್ಜಾರ, ನಂದ ತಪ್ಪಾತು. ನೀವು ಮನೀಗೆ ಬರ್ರಿ. ಖರೇ, ಕೆಮ್ಮಿದ ಕೂಡಲೇ ಒಳಗ ಬರಬ್ಯಾಡ್ರಿ. ತಲಬಾಗಲದಾಗ ಕೆಮ್ಮಿ, ಆ ಕಡೆ ಮಾರಿ ಮಾಡಿ ನಿಂದರ್ರಿ. ಆಕಿ ಸಾವಕಾಶ ಏಳ್ಲಿ. ಸುರೇಖಾ ಬರ್ರಿ ಅಂದ ಮ್ಯಾಲ ಬರ್ರಿ."

"ಎಷ್ಟೊತ್ತು ನಿಂದರಬೇಕ್ರಿ?"

"ಆಕಿ ಏಳೂತನಾ."

ಅವನು ತಲೆಯಾಡಿಸಿದ. ಆಮೇಲೆ ಕುರಿಗೆ ಹೇಳುವವನಂತೆ ತಲೆ ತಗ್ಗಿಸಿ, "ನಿಮ್ಮ ಪಟ್ಟಿ ಜಾರತೈತಂತ?" ಎಂದು ಕೇಳಿದ. ಕಾಂತು ಹೇಳಿರಬೇಕು. ನಿಜವೇ, ನನ್ನ ಪಟ್ಟಿ ನುಣುಪು, ಆಕೆಯ ಇಳಕಲ್ ಸೀರೆಯ ಮೇಲೆ ನಿಲ್ಲದೆ ಎದೆಗೆ ಏರುತ್ತಿತ್ತು. ಹೌದೆಂದೆ. ಅಮೋಘಸಿದ್ಧ ಹೆಗಲ ಮೇಲಿನ ಕಂಬಳಿ ತೆಗೆದು ತೊಡೆಯ ಮೇಲೆ ಹಾಸಿದ. ಉಣ್ಣೆ ಕತ್ತರಿಸುವ ಕತ್ತರಿ ತಗೊಂಡು ಅದರ ಒಂದು ಅಂಚನ್ನು ಉದ್ದಕ್ಕೆ, ಅಂಗೈ ಅಗಲ ಕತ್ತರಿಸಿದ. ಕುರಿ ಕಾಯುವವರು ಹೊದೆಯುವ ಕಂಬಳಿಯನ್ನು ಹೀಗೆ ಕತ್ತರಿಸುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಕಂಬಳಿ ಜಾರೂದಿಲ್ರಿ" ಎಂದು ನನ್ನ ಕೈಗೆ ಕೊಟ್ಟ.

ಸುರೇಖಾ ಅದನ್ನು ಮಡಚಿ, ದಪ್ಪ ದಾರದಲ್ಲಿ ಹೊಲಿದು ನಡುಪಟ್ಟಿ ಮಾಡಿದಳು. ಎಲ್ಲಿಂದ ಬಂತೆಂದು ಸುಂದರವ್ವ ಕೇಳಲಿಲ್ಲ. ಮೂಸಿ ನೋಡಿದಳು, ಗೊತ್ತಾಯಿತು. ಬೆಳಿಗ್ಗೆ ಕಟ್ಟಿಸಿಕೊಂಡರೆ ಮಲಗುವತನಕ ಬಿಚ್ಚಗೊಡುತ್ತಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ತಲಬಾಗಿಲಲ್ಲಿ ಕೆಮ್ಮು ಕೇಳುತ್ತದೆ. ಸುಂದರವ್ವನ ಮೈ ಧಡಕ್ಕನೆ ಏಳಲು ನೋಡುತ್ತದೆ. "ತಡೀರಿ" ಎನ್ನುತ್ತೇನೆ ನಾನು. "ಅವ್ರು ಎಲ್ಲೂ ಹೋಗೂದಿಲ್ಲ, ನಿಂತಾರ. ಪಾದ ನೋಡ್ರಿ ಮೊದಲ. ತುದೀಗೆ ಸರೀರಿ. ಬಾಗ್ರಿ, ಇನ್ನೂ ಬಾಗ್ರಿ, ಮೂಗು ಮುಂದ." ಆಕೆ ಏಳುತ್ತಾಳೆ! ನಡುಗುತ್ತ, ಹಲ್ಲು ಕಚ್ಚಿ, ಏಳುತ್ತಾಳೆ. ಸೆರಗು ಹೊದೆಯುವ ಕೈಯನ್ನು ಮೊದಲು ಕೋಲಿಗೆ ಕೊಡಬೇಕೆಂದು ಕಲಿಸಿದೆ. ಸೆರಗನ್ನು ಸುರೇಖಾ ಹೊದೆಸುತ್ತಾಳೆ. ತಲೆ ತಿರುಗುವುದಿಲ್ಲ ತಾನೇ ಎಂದು ಒಂದು ಗಳಿಗೆ ನಿಂತು ನೋಡುತ್ತೇವೆ. ಆಮೇಲೆ ಸುರೇಖಾ ಕೂಗುತ್ತಾಳೆ, "ಬರ್ರಿ ಮಾವಾರ."

ಅಷ್ಟು ಹೊತ್ತೂ ಅಮೋಘಸಿದ್ಧ ನಮಗೆ ಬೆನ್ನು ಮಾಡಿ ಓಣಿ ನೋಡುತ್ತ ನಿಂತಿರುತ್ತಾನೆ. ಓಣಿಯವರು ಬಿಡುತ್ತಾರೆಯೇ? "ಏನ್ ಮುತ್ಯಾ, ಮನ್ಯಾಗ ಕರ್ಕೊಳ್ಳವಲ್ರೇನು?" ಎಂದು ಒಬ್ಬ ಚುಡಾಯಿಸಿದ. "ಏಳಾಕತ್ತಾರ, ತಡಿ" ಎಂದ ಅವನು, ಗುಡಿಯಲ್ಲಿ ಮಂಗಳಾರತಿಗೆ ಕಾಯುವವನ ಹಾಗೆ ಶಾಂತವಾಗಿ.

ಎದ್ದವಳು ನಿಂತಳು, ನಿಂತವಳು ನಡೆದಳು. ಮೊದಲು ನಾಲ್ಕು ಕಾಲಿನ ಕೋಲು, ಆಮೇಲೆ ಸೋತ ಕಾಲು, ಆಮೇಲೆ ಗಟ್ಟಿ ಕಾಲು. ಬೇವಿನ ಕಟ್ಟೆಯತನಕ ಹೋಗಿ ಕುಳಿತು ದಣಿವಾರಿಸಿಕೊಳ್ಳುವುದು, ಅಲ್ಲಿಂದ ಬಚ್ಚಲು. ಪಕ್ಕದಲ್ಲಿ ಪಟ್ಟಿ ಹಿಡಿಯುವವರಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು ಎಂದು ಗದರಿ ಹೇಳಿದ್ದೆ. ಸುರೇಖಾಳಿಗೆ ಇನ್ನೊಂದು ಮಾತು ದಿನಾ ಹೇಳುತ್ತಿದ್ದೆ, ಅಂಗಳವೆಲ್ಲ ಕೇಳುವ ಹಾಗೆ, ನನ್ನ ದನಿಯೇ ಅಂಥದು.

"ಮೊಣಕಾಲ ಕುಸೀತಂದ್ರ ಮ್ಯಾಲ ಜಗ್ಗಬ್ಯಾಡ. ಕೈಯಂತೂ ಮುಟ್ಟಬ್ಯಾಡ. ಪಟ್ಟಿ ಕೆಳಗಿಂದ ಹಿಡದು ನಿನ್ನ ಮೈಗೆ ಆನಿಸಿಕೋ, ನಿನ್ನ ಮೊಣಕಾಲ ಮಡಚು, ಮೆಲ್ಲಕ ಕೂಡಸು. ಬಿದ್ರ ಎಲುಬು ಮುರೀತೈತಿ. ಕುಂತ್ರ ಏನೂ ಆಗೂದಿಲ್ಲ."

ಕಾಂತುವಿನ ಹೆದರಿಕೆ ಮಾತ್ರ ಹೋಗಿರಲಿಲ್ಲ. "ಒಮ್ಮೆ ಬಿದ್ರೂ ಸಾಕ್ರಿ, ಆಮ್ಯಾಲ ನಾ ನಿಮ್ಮ ಮಾತೂ ಕೇಳೂದಿಲ್ಲ" ಎನ್ನುತ್ತಲೇ ಇದ್ದ. ಸುಂದರವ್ವನಿಗೂ ಅದು ಗೊತ್ತಿತ್ತು.

ಆ ದಿನ ಓಣಿಯಲ್ಲಿ ಗಟಾರಕ್ಕೆಂದು ಅಗೆದು ಮಣ್ಣು ಹಾಕಿದ್ದರು. ಸ್ಕೂಟಿಯನ್ನು ತುದಿಯಲ್ಲೇ ಬಿಟ್ಟು, ಅಗೆದವರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ನಡೆದು ಬಂದೆ. ಅಮೋಘಸಿದ್ಧ ಅಂದು ಹೊತ್ತಿಗೆ ಮೊದಲೇ ಬಂದಿದ್ದ. ತಲಬಾಗಿಲಲ್ಲಿ ಎಂದಿನಂತೆ ಓಣಿಯ ಕಡೆ ಮುಖ ಮಾಡಿ ನಿಂತಿದ್ದ. ಕೆಮ್ಮಿ ಆಗಿರಬೇಕು, ಕರೆಗೆ ಕಾಯುತ್ತಿದ್ದ. ಅವನ ಭುಜದ ಆಚೆ ಅಂಗಳ ಕಾಣುತ್ತಿತ್ತು.

ಅಂಗಳದಲ್ಲಿ ಸುಂದರವ್ವ ಒಬ್ಬಳೇ ನಡೆಯುತ್ತಿದ್ದಳು.

ಸುರೇಖಾ ಓಣಿಯ ನಳಕ್ಕೆ ನೀರಿಗೆ ಹೋಗಿದ್ದಳು, ಅದು ನನಗೆ ಆಮೇಲೆ ತಿಳಿಯಿತು. ಕೆಮ್ಮು ಕೇಳಿ ಈಕೆ ನಾನು ಹೇಳಿಕೊಟ್ಟಂತೆಯೇ ಪಾದ ನೋಡಿ, ಬಾಗಿ, ತಾನೇ ಎದ್ದಿದ್ದಾಳೆ. ಎದ್ದಿದ್ದೇನಲ್ಲ, ಬಚ್ಚಲಿಗೂ ಹೋಗಿಬಿಡೋಣ ಎಂದು ಹೊರಟಿದ್ದಾಳೆ. ಕಟ್ಟೆ ಇನ್ನು ಒಂದು ಹೆಜ್ಜೆ ಇತ್ತು. ಎಡ ಮೊಣಕಾಲು ನಡುಗುವುದು ನನಗೆ ಅಷ್ಟು ದೂರದಿಂದಲೂ ಕಂಡಿತು. ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಓಡಿದರೆ ಮುಟ್ಟುವುದಿಲ್ಲ. ಕೋಲಿನ ಟಕ್ ಟಕ್ ನಿಂತುಹೋಯಿತು.

ಅದು ನಿಂತದ್ದೇ ಅಮೋಘಸಿದ್ಧ ತಿರುಗಿದ. ಈ ಪದ್ಧತಿ ಶುರುವಾದ ಮೇಲೆ ಕರೆಯದೆ ಅವನು ಆ ಅಂಗಳದ ಕಡೆ ಮುಖ ಮಾಡಿದ್ದು ಅದೇ ಮೊದಲಿರಬೇಕು. ಕೈಯಲ್ಲಿದ್ದ ಕೋಲು ಬಿಸಾಕಿ ಹೋದ. ಆ ವಯಸ್ಸಿನಲ್ಲಿ ಅಷ್ಟು ಬೇಗ ಹೇಗೆ ಹೋದನೋ ದೇವರೇ ಬಲ್ಲ. ಮೊಣಕಾಲು ಮಡಚಿ ಆಕೆ ಎಡಕ್ಕೆ ವಾಲುವ ಹೊತ್ತಿಗೆ ಎಡಗಡೆಗೇ ನಿಂತಿದ್ದ. ಜಗ್ಗಲಿಲ್ಲ. ಜೋತು ಬಿದ್ದ ಕೈಯನ್ನು ಮುಟ್ಟಲಿಲ್ಲ. ಅಂಗೈ ಮೇಲೆ ಮಾಡಿ ಕಂಬಳಿ ಪಟ್ಟಿಯನ್ನು ಕೆಳಗಿನಿಂದ ಹಿಡಿದ, ತನ್ನ ತೊಡೆಗೆ ಆನಿಸಿಕೊಂಡ, ತನ್ನ ಮೊಣಕಾಲು ಮಡಚಿದ, ಆಕೆಯನ್ನು ಮೆಲ್ಲಗೆ ಬೇವಿನ ಕಟ್ಟೆಯ ಮೇಲೆ ಕೂಡಿಸಿದ. ಇಷ್ಟು ದಿನ ನಮಗೆ ಬೆನ್ನು ಮಾಡಿ ನಿಂತವನ ಕಿವಿ ಮಾತ್ರ ನಮ್ಮ ಕಡೆಗೇ ಇತ್ತು.

ನಾನು ಏದುಸಿರು ಬಿಡುತ್ತ ಬಂದೆ. ನನ್ನ ಹಿಂದೆಯೇ ಕೊಡ ಹೊತ್ತ ಸುರೇಖಾ, ಆಕೆಯ ಹಿಂದೆ ಎಲ್ಲಿಂದಲೋ ಕಾಂತು. ಅವನ ಮುಖ ಬಿಳಿಚಿಕೊಂಡಿತ್ತು.

"ಅವ್ವ ಬಿದ್ಲೇನು?"

ಸುಂದರವ್ವ ನನ್ನನ್ನು ನೋಡಿದಳು. ಬದುಕಿನ ಉಳಿದ ದಿನಗಳೆಲ್ಲ ಹೊರಸಿನ ಮೇಲೋ ಅಂಗಳದಲ್ಲೋ ಎಂಬುದು ಆ ಒಂದು ಪ್ರಶ್ನೆಯಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಮೋಘಸಿದ್ಧ ಬೇವಿನ ಮರಕ್ಕೆ ಹೇಳಿದ.

"ಬಿದ್ದಿಲ್ಲ. ಕುಂತಾಳ."

ಆಮೇಲೆ ತನ್ನ ಕೈ ಎಲ್ಲಿದೆಯೆಂದು ಅವನಿಗೇ ಅರಿವಾಯಿತು. ಮುಖ ಕೆಂಪೇರಿತು. "ನಾ ಯಾರನ್ನೂ ಹಿಡದಿಲ್ಲ" ಎಂದ, ಇನ್ನೂ ಮರಕ್ಕೇ. "ನನ್ನ ಕಂಬಳಿ ಹಿಡದೇನಿ."

ಯಾರೂ ನಗಲಿಲ್ಲ. ಸುರೇಖಾ ಕೊಡ ಇಳಿಸುವುದನ್ನೂ ಮರೆತು ನಿಂತಿದ್ದಳು. ಕಾಂತು ಅವ್ವನ ಹಣೆ, ಕೈ, ಮೊಣಕಾಲು ಎಲ್ಲ ಮುಟ್ಟಿ ನೋಡಿದ. ಎಲ್ಲೂ ಒಂದು ತರಚಿದ ಗಾಯವಿರಲಿಲ್ಲ. "ಹೊರಸ" ಎಂಬ ಮಾತು ಅವನ ಬಾಯಿಯಿಂದ ಬರಲಿಲ್ಲ. ಸೆರಗಿಲ್ಲದ ತಲೆ ತಗ್ಗಿಸಿ ಸುಂದರವ್ವ ಕುಳಿತಿದ್ದಳು. ಆಕೆ ಭಾವನ ಎದುರು ಕುಳಿತದ್ದು ಅದೇ ಮೊದಲು.

"ಇನ್ನ ನನ್ನ ಕೈಯಾಗ ಕೊಡ್ರಿ ಅಜ್ಜಾರ" ಎಂದು ನಾನು ಪಟ್ಟಿಗೆ ಕೈ ಚಾಚಿದೆ. ಅವನು ಬಿಡಲು ಹೋದ.

"ಬಿಡಬ್ಯಾಡ್ರಿ ಬಾವಾರ" ಎಂದಳು ಸುಂದರವ್ವ.

ನನಗಲ್ಲ, ಸುರೇಖಾಳಿಗಲ್ಲ, ಮರಕ್ಕಲ್ಲ. ತೊದಲುವ ನಾಲಿಗೆಯಲ್ಲಿ, ಮುಖ ಎತ್ತಿ, ನೇರ ಅವನಿಗೇ ಹೇಳಿದಳು. "ಬಚ್ಚಲ ಇನ್ನೂ ದೂರ ಐತಿ."

ಅಮೋಘಸಿದ್ಧ ಪಟ್ಟಿಯ ಮೇಲಿನ ಹಿಡಿತ ಗಟ್ಟಿ ಮಾಡಿದ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡಬಾರದೆಂದು ಸುರೇಖಾಳಿಗೆ ಕೊಡ ಇಳಿಸು ಎಂದು ಗದರಿದೆ. ಸುಂದರವ್ವನ ಮೊಣಕಾಲಿಗೆ ನನ್ನ ಮೊಣಕಾಲು ಅಡ್ಡ ಕೊಟ್ಟೆ. ಪಾದ ಹಿಂದಕ್ಕೆ ಸರಿದವು, ಆಕೆ ಬಾಗಿದಳು, ಮೂಗು ಮುಂದೆ ಬಂತು.

"ಒಂದು, ಎರಡು, ಏಳ್ರಿ" ಎಂದೆ.

ಏಳಲಿಲ್ಲ. ಬಾಗಿದ ಹಾಗೆಯೇ ಕಾಯುತ್ತಿದ್ದಳು, ತುಟಿಯ ಬಲಗಡೆ ಸಣ್ಣಗೆ ನಗು. ನಾನು ಅಮೋಘಸಿದ್ಧನ ಮುಖ ನೋಡಿದೆ. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅವನು ಕೆಮ್ಮಿದ. ಸುಂದರವ್ವ ಎದ್ದು ನಿಂತಳು.